ಗ್ರ್ಯಾಂಡ್ ಪೋರ್ಟೇಜ್‌ನ ತುಪ್ಪಳ ವ್ಯಾಪಾರದ ತಾಣ: ಎರಡು ದಿನದಲ್ಲಿ ಏನು ನೋಡಬೇಕು, ಎಷ್ಟು ನಡೆಯಬೇಕು?

ಪ್ರಶ್ನೆ – ಭಾಗಮಂಡಲದ ಬೆಳೆಗಾರ

ಎಲ್ಲರಿಗೂ ನಮಸ್ಕಾರ.

ಬರುವ ಜುಲೈ ಕೊನೆಯ ವಾರದಲ್ಲಿ ನಾನೂ ನನ್ನ ಪತ್ನಿಯೂ ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿರುವ ಮಗಳ ಮನೆಗೆ ಹೊರಡಲಿದ್ದೇವೆ. ನಮ್ಮ ಕಡೆಯ ಮಳೆ ಹೇಗಿರುತ್ತದೆಂದು ನಿಮಗೆಲ್ಲ ಗೊತ್ತು; ಆ ದಿನಗಳಲ್ಲಿ ತೋಟದಲ್ಲಿ ಕೈಗೆ ಹೆಚ್ಚು ಕೆಲಸ ಇರುವುದಿಲ್ಲ, ಆದರೆ ಸೆಪ್ಟೆಂಬರ್ 3ರ ಕೈಲ್ ಮುಹೂರ್ತ ಹಬ್ಬಕ್ಕೆ ನಾವು ಮನೆಯಲ್ಲಿರಲೇಬೇಕು. ಈ ನಡುವೆ ಸಿಗುವ ಐದು ವಾರಗಳಲ್ಲಿ ಎರಡೋ ಮೂರೋ ದಿನವನ್ನು ಹಳೆಯ ತುಪ್ಪಳ ವ್ಯಾಪಾರದ ಒಂದು ತಾಣಕ್ಕೆ ಮೀಸಲಿಡಬೇಕೆಂದು ನಿಶ್ಚಯಿಸಿದ್ದೇನೆ.

ಇದಕ್ಕೆ ಕಾರಣ ಹನ್ನೊಂದು ವರ್ಷದ ನನ್ನ ಮೊಮ್ಮಗ. ಶಾಲೆಯ ಪುಸ್ತಕದಲ್ಲಿದ್ದ ಒಂದು ಚಿತ್ರವನ್ನು ಅವನು ಫೋನಿನಲ್ಲಿ ನನಗೆ ತೋರಿಸಿದ. ಒಬ್ಬ ಕುಳ್ಳನೆಯ ಮನುಷ್ಯ ಹಣೆಗೆ ಚರ್ಮದ ಪಟ್ಟಿ ಕಟ್ಟಿಕೊಂಡು, ಬೆನ್ನಿನ ಮೇಲೆ ಎರಡು ದೊಡ್ಡ ಮೂಟೆಗಳನ್ನು ಹೊತ್ತು, ಬಾಗಿ ಕಾಡಿನ ದಾರಿಯಲ್ಲಿ ನಡೆಯುತ್ತಿದ್ದಾನೆ. "ಅಜ್ಜಾ, ನಿಮ್ಮ ಅಜ್ಜನೂ ಏಲಕ್ಕಿಯನ್ನು ಹೀಗೆಯೇ ಹೊರುತ್ತಿದ್ದರಾ?" ಎಂದು ಅವನು ಕೇಳಿದ. ನನ್ನ ಅಜ್ಜ ಮಲೆಯ ಏಲಕ್ಕಿಯನ್ನು ತಲೆಯ ಮೇಲಿಟ್ಟುಕೊಂಡು ಕರಿಕೆಯ ಮೂಲಕ ಪಾಣತ್ತೂರಿನ ಕಡೆಗೆ ಇಳಿದು, ಉಪ್ಪು ಮತ್ತು ಒಣಮೀನು ಹೊತ್ತು ಮರಳುತ್ತಿದ್ದ ಕಥೆಯನ್ನು ನಾನೇ ಅವನಿಗೆ ಹೇಳಿದ್ದೆ. ಅಜ್ಜನದು ಸಿಂಬೆಯ ಮೇಲಿನ ಹೊರೆ, ಇವರದು ಹಣೆಪಟ್ಟಿಯ ಹೊರೆ; ಅಷ್ಟೇ ವ್ಯತ್ಯಾಸ ಎಂದು ಉತ್ತರಿಸಿದೆನಾದರೂ, ಆ ಚಿತ್ರ ಮನಸ್ಸಿನಿಂದ ಹೋಗಲಿಲ್ಲ. ಆ ದಾರಿಯಲ್ಲಿ ಮೊಮ್ಮಗನೊಂದಿಗೆ ಸ್ವಲ್ಪ ದೂರವಾದರೂ ನಡೆಯಬೇಕೆಂಬ ಆಸೆ ಬಲವಾಗಿದೆ.

ಮಗಳು ಎರಡು ಸ್ಥಳಗಳನ್ನು ಸೂಚಿಸಿದ್ದಾಳೆ. ಮಿನ್ನೆಸೋಟಾ ರಾಜ್ಯದ ಈಶಾನ್ಯದ ತುದಿಯಲ್ಲಿರುವ ಗ್ರ್ಯಾಂಡ್ ಪೋರ್ಟೇಜ್ ಒಂದು. ಗಡಿಯಾಚೆ ಕೆನಡಾದ ಥಂಡರ್ ಬೇ ನಗರದಲ್ಲಿರುವ ಫೋರ್ಟ್ ವಿಲಿಯಂ ಇನ್ನೊಂದು. ಎರಡನ್ನೂ ಒಂದೇ ಪ್ರಯಾಣದಲ್ಲಿ ನೋಡುವುದು ಜಾಣತನವೇ? ಪತ್ನಿಗೆ ಮಂಡಿನೋವು ಇರುವುದರಿಂದ ಏರುದಾರಿ ಅವರಿಂದ ಆಗುವುದಿಲ್ಲ. ನನಗೆ ಅರವತ್ತೇಳು ವರ್ಷ, ತೋಟ ಸುತ್ತಿ ಅಭ್ಯಾಸವಿದೆ. ಹೋಗಿಬಂದವರು ದಯವಿಟ್ಟು ವಿವರವಾಗಿ ಬರೆಯಿರಿ. ನೋಡುವ ಮೊದಲು ತಿಳಿದಿರಬೇಕಾದ ಇತಿಹಾಸವನ್ನೂ ಯಾರಾದರೂ ಹೇಳಿದರೆ ಉಪಕಾರವಾಗುತ್ತದೆ.


ಉತ್ತರ – ವಿರಾಜಪೇಟೆಯ ಓದುಗಿ

ನಮಸ್ಕಾರ ಅಣ್ಣ. ನಾನು ಮತ್ತು ನನ್ನ ಯಜಮಾನರು ಆರು ವರ್ಷ ಡುಲುತ್ ನಗರದಲ್ಲಿದ್ದೆವು; ಗ್ರ್ಯಾಂಡ್ ಪೋರ್ಟೇಜ್‌ಗೆ ಮೂರು ಸಲ ಹೋಗಿದ್ದೇವೆ. ನನ್ನ ಅನುಭವದಲ್ಲಿ ಅಲ್ಲಿಗೆ ಅವಸರದಿಂದ ಹೋದವರಿಗೆ ಏನೂ ಸಿಗುವುದಿಲ್ಲ, ಆದ್ದರಿಂದ ಮೊದಲು ದೂರದ ಲೆಕ್ಕವನ್ನೇ ಹೇಳುತ್ತೇನೆ. ಮಿನಿಯಾಪೊಲಿಸ್‌ನಿಂದ ಡುಲುತ್‌ಗೆ ಸುಮಾರು 250 ಕಿ.ಮೀ., ಡುಲುತ್‌ನಿಂದ ಗ್ರ್ಯಾಂಡ್ ಪೋರ್ಟೇಜ್‌ಗೆ ಇನ್ನೂ ಸುಮಾರು 235 ಕಿ.ಮೀ. ಮೊದಲ ಭಾಗ ಅಗಲವಾದ ಹೆದ್ದಾರಿ, ಬೇಗ ಮುಗಿಯುತ್ತದೆ. ಎರಡನೆಯ ಭಾಗ ಸುಪೀರಿಯರ್ ಸರೋವರದ ದಡವನ್ನೇ ಹಿಡಿದು ಸಾಗುವ 61ನೇ ಹೆದ್ದಾರಿ. ಬಲಗಡೆ ಆಚೆ ದಡ ಕಾಣದಷ್ಟು ನೀರು, ಎಡಗಡೆ ಕಾಡು. ಅಲ್ಲಿ ವೇಗವಾಗಿ ಹೋಗಲು ಮನಸ್ಸಾಗುವುದಿಲ್ಲ, ಹೋಗಲೂಬಾರದು. ಒಂದೇ ದಿನದಲ್ಲಿ ಹೋಗಿ ಬರುತ್ತೇವೆಂದರೆ ಹತ್ತು ಗಂಟೆಗಿಂತ ಹೆಚ್ಚು ಸಮಯ ಕಾರಿನಲ್ಲೇ ಕಳೆಯಬೇಕಾಗುತ್ತದೆ.

ತಾಣಕ್ಕಿಂತ ಸುಮಾರು 58 ಕಿ.ಮೀ. ಮೊದಲು ಗ್ರ್ಯಾಂಡ್ ಮರೇ ಎಂಬ ಚಿಕ್ಕ ಬಂದರು ಊರಿದೆ. ಅಲ್ಲಿ ಎರಡು ರಾತ್ರಿ ತಂಗಿ, ನಡುವಿನ ಇಡೀ ದಿನವನ್ನು ಗ್ರ್ಯಾಂಡ್ ಪೋರ್ಟೇಜ್‌ಗೆ ಕೊಡಿ. ಗ್ರ್ಯಾಂಡ್ ಪೋರ್ಟೇಜ್‌ನಲ್ಲಿಯೇ ಅಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಸಮುದಾಯದವರು ನಡೆಸುವ ವಸತಿಗೃಹವೂ ಇದೆ. ಆಗಸ್ಟ್ ತಿಂಗಳ ಎರಡನೇ ವಾರಾಂತ್ಯದಲ್ಲಿ ಅಲ್ಲಿ ರಾಂಡೆವೂ ಎಂಬ ಹಳೆಯ ಕಾಲದ ವ್ಯಾಪಾರ ಕೂಟದ ನೆನಪಿನ ಉತ್ಸವವೂ, ಒಜಿಬ್ವೆ ಜನರ ಪೌವೌ ಎಂಬ ನೃತ್ಯಕೂಟವೂ ಒಟ್ಟಿಗೆ ನಡೆಯುತ್ತವೆ. ನಿಮ್ಮ ದಿನಾಂಕಗಳಿಗೆ ಅದು ಸರಿಯಾಗಿ ಹೊಂದುತ್ತದೆ. ಆದರೆ ಆ ವಾರಾಂತ್ಯದ ಕೋಣೆಗಳು ಎಷ್ಟೋ ತಿಂಗಳ ಮೊದಲೇ ತುಂಬಿಹೋಗುತ್ತವೆ. ಇಂದೇ ಮಗಳಿಗೆ ಹೇಳಿ ಕಾಯ್ದಿರಿಸಿ.

ತಾಣಕ್ಕೆ ಪ್ರವೇಶ ಶುಲ್ಕವಿಲ್ಲ. ಮೊದಲು 2007ರಲ್ಲಿ ತೆರೆದ ಪಾರಂಪರಿಕ ಕೇಂದ್ರದೊಳಗೆ ಹೋಗಿ ವಸ್ತುಗಳನ್ನೂ ನಕಾಶೆಯನ್ನೂ ನೋಡಿಕೊಳ್ಳಿ. ಆ ನಕಾಶೆ ತಲೆಯಲ್ಲಿ ಕೂತ ಮೇಲೆ ಉಳಿದದ್ದೆಲ್ಲ ಅರ್ಥವಾಗುತ್ತದೆ. ಆಮೇಲೆ ಕೆಳಗೆ ದಡದಲ್ಲಿರುವ ಮರದ ಕೋಟೆಯೊಳಗೆ ಹೋಗಬಹುದು. ದೊಡ್ಡ ಸಭಾಂಗಣ, ಅಡುಗೆಮನೆ, ದೋಣಿಮನೆ ಅಲ್ಲಿವೆ. ಆ ಕಾಲದ ಉಡುಪಿನಲ್ಲಿರುವ ಸಿಬ್ಬಂದಿ ಪ್ರತಿಯೊಂದನ್ನೂ ವಿವರಿಸುತ್ತಾರೆ. ಈ ಕಟ್ಟಡಗಳು ಬೇಸಿಗೆಯಲ್ಲಿ ಮಾತ್ರ ತೆರೆದಿರುತ್ತವೆ, ಪಾರಂಪರಿಕ ಕೇಂದ್ರ ಉಳಿದ ತಿಂಗಳುಗಳಲ್ಲೂ ತೆರೆದಿರುತ್ತದೆ. ದೋಣಿಮನೆಯಲ್ಲಿ ನಿಮ್ಮ ಮೊಮ್ಮಗನನ್ನು ಅವಸರಪಡಿಸಬೇಡಿ. ಬರ್ಚ್ ಮರದ ತೊಗಟೆ, ದೇವದಾರು ಜಾತಿಯ ಮರದ ಪಕ್ಕೆಲುಬು, ಸ್ಪ್ರೂಸ್ ಮರದ ಬೇರಿನ ಹೊಲಿಗೆ, ಅದೇ ಮರದ ಅಂಟು. ಒಂದೇ ಒಂದು ಮೊಳೆಯಿಲ್ಲದೆ ಹಾಗೆ ಕಟ್ಟಿದ ದೋಣಿಯನ್ನು ನಾನು ನನ್ನ ಜೀವಮಾನದಲ್ಲಿ ಬೇರೆಲ್ಲೂ ನೋಡಿಲ್ಲ.

ಅಕ್ಕನವರ ಮಂಡಿನೋವಿನ ವಿಚಾರ. ಕೋಟೆಯ ಒಳಗೆಲ್ಲ ಸಮತಟ್ಟಾದ ನೆಲವಿದೆ. ಅಲ್ಲಿಂದ ಗಡಿಯ ಕಡೆಗೆ ಕೆಲವು ನಿಮಿಷ ಕಾರಿನಲ್ಲಿ ಹೋದರೆ ಪಿಜನ್ ನದಿಯ ಎತ್ತರದ ಜಲಪಾತ ಸಿಗುತ್ತದೆ. ಸುಮಾರು 37 ಮೀಟರ್ ಎತ್ತರದಿಂದ ನೀರು ಬೀಳುತ್ತದೆ. ಸುಮಾರು 800 ಮೀಟರ್ ಉದ್ದದ ಕಾಲುದಾರಿಯನ್ನು ಗಾಲಿಕುರ್ಚಿಯೂ ಸಾಗುವಂತೆ ಮಾಡಿದ್ದಾರೆ, ಅವರು ನಿಧಾನವಾಗಿ ನಡೆದು ತಲುಪಬಹುದು. ಇದನ್ನು ಕೇವಲ ನೋಟದ ಸ್ಥಳವೆಂದು ಬಿಟ್ಟುಬಿಡಬೇಡಿ. ಈ ಜಲಪಾತವೂ ನದಿಯ ರಭಸದ ಹರಿವೂ ದೋಣಿಗಳಿಗೆ ದಾರಿ ಕೊಡದಿದ್ದುದರಿಂದಲೇ ಮನುಷ್ಯರು ಹೊರೆ ಹೊರಬೇಕಾಯಿತು.

ಆಗಸ್ಟ್ ಎಂದು ನಂಬಿ ತೆಳುವಾದ ಬಟ್ಟೆಯಲ್ಲಿ ಹೋಗಬೇಡಿ. ಸರೋವರದ ಮೇಲಿಂದ ಮಂಜು ಬಂದರೆ ಮಡಿಕೇರಿಯ ಜುಲೈ ನೆನಪಾಗುತ್ತದೆ, ಸ್ವೆಟರ್ ಬೇಕೇ ಬೇಕು. ಇನ್ನೊಂದು ಸಣ್ಣ ಎಚ್ಚರಿಕೆ: ಗಡಿಯ ಹತ್ತಿರ ಫೋನ್ ಕೆನಡಾದ ಗೋಪುರವನ್ನು ಹಿಡಿದು ಗಡಿಯಾರವನ್ನು ಒಂದು ಗಂಟೆ ಮುಂದೆ ತೋರಿಸಬಹುದು, ಕೈಗಡಿಯಾರ ಕಟ್ಟಿಕೊಳ್ಳಿ.


ಉತ್ತರ – ಗೋಣಿಕೊಪ್ಪದ ಚಾರಣಿಗ

ಸರ್, ನಾನು ಆ ದಾರಿಯನ್ನು ಪೂರ್ತಿಯಾಗಿ ನಡೆದಿದ್ದೇನೆ, ಆದ್ದರಿಂದ ದಾರಿಯ ಬಗ್ಗೆ ಮಾತ್ರ ಬರೆಯುತ್ತೇನೆ.

ಸರೋವರದ ದಡದ ಕೋಟೆಯಿಂದ ಪಿಜನ್ ನದಿಯ ಮೇಲ್ಭಾಗದಲ್ಲಿದ್ದ ಫೋರ್ಟ್ ಷಾರ್ಲೆಟ್ ಎಂಬ ನೆಲೆಗೆ ಒಟ್ಟು ಎಂಟೂವರೆ ಮೈಲಿ, ಅಂದರೆ 13.7 ಕಿ.ಮೀ. ಹೋಗಿಬರಲು 27 ಕಿ.ಮೀ.ಗಿಂತ ಹೆಚ್ಚು. ತಡಿಯಂಡಮೋಳ್ ಹತ್ತಿದವರಿಗೆ ಏರು ದೊಡ್ಡದೆನಿಸುವುದಿಲ್ಲ, ಬಳಲಿಸುವುದು ಉದ್ದ ಮತ್ತು ಕೆಸರು. ಬೀವರ್ ಎಂಬ ಪ್ರಾಣಿಗಳು ಕಟ್ಟಿದ ಒಡ್ಡುಗಳಿಂದ ನೀರು ನಿಂತ ಕಡೆಗಳಲ್ಲಿ ಹಲಗೆ ಹಾಸಿದ್ದಾರೆ. ಯಾವ ಪ್ರಾಣಿಯ ತುಪ್ಪಳಕ್ಕಾಗಿ ಈ ದಾರಿಯಲ್ಲಿ ಅಷ್ಟೊಂದು ಜನ ನಡೆದರೋ ಅದೇ ಪ್ರಾಣಿ ಇಂದು ಮರಳಿ ಬಂದು ದಾರಿಗೆ ನೀರು ತುಂಬಿಸುತ್ತಿರುವುದನ್ನು ನೋಡಿ ನಾನು ಅಲ್ಲಿಯೇ ಬಹಳ ಹೊತ್ತು ನಿಂತಿದ್ದೆ.

ನೀವು ಮೊಮ್ಮಗನೊಂದಿಗೆ ಇಡೀ ದಾರಿ ನಡೆಯುವ ಯೋಚನೆ ಮಾಡಬೇಡಿ. ಕೋಟೆಯ ಬಳಿಯಿಂದ ಹೊರಟು ಒಂದು ಗಂಟೆ ಒಳಗೆ ನಡೆದು ಅದೇ ದಾರಿಯಲ್ಲಿ ಮರಳಿ. ದಾರಿ ಕಾಡಿನೊಳಗೆ ನುಗ್ಗಿ ಸರೋವರದ ಸದ್ದು ನಿಂತುಹೋದ ಮೇಲೆ ನಿಮ್ಮ ಅಜ್ಜನ ನೆನಪು ತಾನಾಗಿ ಬರುತ್ತದೆ. ಇನ್ನೂ ಶಕ್ತಿಯಿದ್ದರೆ, ದಾರಿಯ ಸುಮಾರು ನಡುಭಾಗದಲ್ಲಿ ಹಳೆಯ 61ನೇ ರಸ್ತೆ ಅದನ್ನು ದಾಟುತ್ತದೆ. ಕಾರಿನಲ್ಲಿ ಅಲ್ಲಿಯವರೆಗೆ ಹೋಗಿ, ಫೋರ್ಟ್ ಷಾರ್ಲೆಟ್‌ನ ಕಡೆಗೆ ನಡೆಯಬಹುದು. ಆದರೆ ಅಲ್ಲಿ ಕಟ್ಟಡ ನೋಡುವ ನಿರೀಕ್ಷೆ ಬೇಡ. ನದಿ, ಹುಲ್ಲು, ನೆಲದಲ್ಲಿ ಅಲ್ಲಲ್ಲಿ ದಿಬ್ಬ, ಒಂದು ಫಲಕ, ಡೇರೆ ಹಾಕುವ ಜಾಗ, ಅಷ್ಟೇ. ನನಗೆ ಮಾತ್ರ ಮರುಕಟ್ಟಿದ ಕೋಟೆಗಿಂತ ಆ ಬರಿದಾದ ನದೀತೀರವೇ ಹೆಚ್ಚು ನಿಜವೆನಿಸಿತು.

ಹೊರೆಯ ತೂಕದ ಬಗ್ಗೆ ನಿಮ್ಮ ಮೊಮ್ಮಗನಿಗೆ ಹೇಳಿ. ಒಂದೊಂದು ಮೂಟೆಯನ್ನೂ 90 ಪೌಂಡ್, ಅಂದರೆ ಸುಮಾರು 41 ಕೆ.ಜಿ. ತೂಗುವಂತೆ ಕಟ್ಟುತ್ತಿದ್ದರು. ನಮ್ಮ ಕಾಫಿ ಚೀಲದ 50 ಕೆ.ಜಿ.ಗೆ ಹೋಲಿಸಿದರೆ ಸ್ವಲ್ಪ ಕಡಿಮೆ, ಆದರೆ ವೊಯಾಜರ್ ಎಂದು ಕರೆಸಿಕೊಳ್ಳುತ್ತಿದ್ದ ಆ ದೋಣಿಯಾಳುಗಳು ಒಂದು ಸಲಕ್ಕೆ ಎರಡು ಮೂಟೆ ಹೊರುತ್ತಿದ್ದರು. ಹಣೆಪಟ್ಟಿಯಿಂದ ಕೆಳಗಿನ ಮೂಟೆ ಸೊಂಟದ ಮೇಲೆ ಕೂರುತ್ತದೆ, ಎರಡನೆಯದನ್ನು ಅದರ ಮೇಲೆ ಕುತ್ತಿಗೆಯ ಹಿಂದೆ ಇಡುತ್ತಾರೆ. ಪೂರ್ವ ಕೆನಡಾದ ಮಾಂಟ್ರಿಯಲ್‌ನಿಂದ ಬಂದ ಆಳು ಒಬ್ಬೊಬ್ಬನೂ ಎಂಟು ಮೂಟೆಗಳನ್ನು ಈ ದಾರಿಯಲ್ಲಿ ಸಾಗಿಸಿಕೊಡಬೇಕೆಂದು ಕರಾರಿನಲ್ಲಿಯೇ ಇರುತ್ತಿತ್ತು. ಎರಡು ಮೂಟೆ ಹೊತ್ತು ಹೋಗಿ, ಮತ್ತೆ ಎರಡು ಮೂಟೆ ಹೊತ್ತು ಆರು ಗಂಟೆಯೊಳಗೆ ಮರಳಿದವರನ್ನು ಕಂಡಿರುವುದಾಗಿ ವ್ಯಾಪಾರಿಯೂ ಅನ್ವೇಷಕನೂ ಆಗಿದ್ದ ಅಲೆಕ್ಸಾಂಡರ್ ಮೆಕೆಂಝಿ 1801ರಲ್ಲಿ ಬರೆದಿದ್ದಾನೆ. ನಾನು ಬೆನ್ನಿಗೆ ಎಂಟು ಕೆ.ಜಿ.ಯ ಚೀಲ ಹಾಕಿಕೊಂಡು ನಡೆದೆ, ನನಗೆ ಒಂಬತ್ತು ಗಂಟೆ ಬೇಕಾಯಿತು.

ನಮ್ಮಲ್ಲಿಯಂತೆ ನೆಲದ ಮೇಲಿನ ಜಿಗಣೆಯ ಕಾಟ ಅಲ್ಲಿಲ್ಲ. ಸೊಳ್ಳೆ ಮತ್ತು ಕಚ್ಚುವ ನೊಣ ವಿಪರೀತ. ಉಣುಗು ಕೂಡ ಇದೆ, ಅದರಿಂದ ರೋಗವೂ ಬರುತ್ತದೆ, ಆದ್ದರಿಂದ ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ ನಡೆಯಿರಿ, ಸಂಜೆ ಮೊಮ್ಮಗನ ಮೈಯನ್ನು ಪೂರ್ತಿ ನೋಡಿ.


ಉತ್ತರ – ಮಡಿಕೇರಿಯ ಇತಿಹಾಸ ಉಪನ್ಯಾಸಕ

ಮಾನ್ಯರೇ, ನಿಮ್ಮ ಪ್ರಶ್ನೆಯ ಕೊನೆಯ ಸಾಲಿಗೆ, ಅಂದರೆ ಮೊದಲೇ ತಿಳಿದಿರಬೇಕಾದ ಇತಿಹಾಸಕ್ಕೆ ಉತ್ತರಿಸಲು ಪ್ರಯತ್ನಿಸುತ್ತೇನೆ.

ಆ ಸ್ಥಳವನ್ನು ಒಜಿಬ್ವೆ ಜನರು ಗಿಚಿ ಒನಿಗಮಿಂಗ್ ಎಂದು ಕರೆಯುತ್ತಾರೆ; ಹೊರೆ ಹೊತ್ತು ದಾಟುವ ದೊಡ್ಡ ಜಾಗ ಎಂಬುದು ಅದರ ಅರ್ಥ. ಗ್ರ್ಯಾಂಡ್ ಪೋರ್ಟೇಜ್ ಎಂಬ ಫ್ರೆಂಚ್ ಹೆಸರು ಅದೇ ಅರ್ಥವನ್ನು ಹೇಳುತ್ತದೆ. ದಾರಿಯನ್ನು ವ್ಯಾಪಾರಿಗಳು ಕಂಡುಹಿಡಿಯಲಿಲ್ಲ, ಅಲ್ಲಿನ ಜನರು ತಲೆಮಾರುಗಳಿಂದ ನಡೆದಿದ್ದ ದಾರಿಯನ್ನು ಬಳಸಿಕೊಂಡರು. 1731ರಲ್ಲಿ ಲಾ ವೆರೆಂಡ್ರಿ ಎಂಬ ಫ್ರೆಂಚ್ ಅಧಿಕಾರಿ ಅಲ್ಲಿಗೆ ಬಂದಾಗ, ಮುಂದಿನ ಹೊರೆದಾರಿಯನ್ನು ಕಂಡು ಅವನ ಆಳುಗಳು ದಂಗೆಯೆದ್ದರು ಎಂಬುದು ದಾಖಲಾಗಿದೆ.

ಬ್ರಿಟಿಷರ ಕಾಲದಲ್ಲಿ ಮಾಂಟ್ರಿಯಲ್ ನಗರದ ವ್ಯಾಪಾರಿಗಳು ಸೇರಿ ಕಟ್ಟಿದ ನಾರ್ತ್ ವೆಸ್ಟ್ ಕಂಪನಿ ಈ ಸ್ಥಳವನ್ನು ತನ್ನ ಒಳನಾಡಿನ ಕೇಂದ್ರವಾಗಿ ಮಾಡಿಕೊಂಡಿತು. ಇಲ್ಲಿಯೇ ಏಕೆ ಎಂಬುದು ಮುಖ್ಯ. ಆ ಉತ್ತರದ ನಾಡಿನಲ್ಲಿ ನದಿ ಸರೋವರಗಳು ಮಂಜುಗಡ್ಡೆಯಿಲ್ಲದೆ ತೆರೆದಿರುವುದು ವರ್ಷದಲ್ಲಿ ಕೆಲವೇ ತಿಂಗಳು. ಅಷ್ಟರೊಳಗೆ ಮಾಂಟ್ರಿಯಲ್‌ನಿಂದ ತುಪ್ಪಳ ಸಿಗುವ ದೂರದ ಕಾಡಿಗೆ ಹೋಗಿ ಮರಳಲು ಯಾವ ದೋಣಿಗೂ ಸಾಧ್ಯವಿರಲಿಲ್ಲ. ಆದ್ದರಿಂದ ಮೇ ತಿಂಗಳಲ್ಲಿ ಪೂರ್ವದಿಂದ ಸುಮಾರು 11 ಮೀಟರ್ ಉದ್ದದ ದೊಡ್ಡ ದೋಣಿಗಳು ಕಂಬಳಿ, ತಾಮ್ರದ ಪಾತ್ರೆ, ಕೋವಿ, ಕೊಡಲಿ, ಮಣಿ, ತಂಬಾಕು, ರಮ್ ಹೊತ್ತು ಹೊರಡುತ್ತಿದ್ದವು; ಚಳಿಗಾಲವನ್ನು ಒಳನಾಡಿನಲ್ಲಿ ಕಳೆದವರು ಚಿಕ್ಕ ದೋಣಿಗಳಲ್ಲಿ ತುಪ್ಪಳ ತರುತ್ತಿದ್ದರು; ಜುಲೈ ತಿಂಗಳಲ್ಲಿ ಎರಡೂ ಕಡೆಯವರು ಇಲ್ಲಿ ಕೂಡಿ, ಸರಕು ಬದಲಿಸಿಕೊಂಡು, ಹೆಪ್ಪುಗಟ್ಟುವ ಮೊದಲು ಬಂದ ದಾರಿಯಲ್ಲಿ ಮರಳುತ್ತಿದ್ದರು. ಪೂರ್ವದಿಂದ ಬಂದವರನ್ನು ಹಂದಿಮಾಂಸ ತಿನ್ನುವವರು ಎಂದು ಒಳನಾಡಿನವರು ಹೀಗಳೆಯುತ್ತಿದ್ದರು. ಮೆಕ್ಕೆಜೋಳ ಮತ್ತು ಕೊಬ್ಬು ಪೂರ್ವದವರ ದಿನನಿತ್ಯದ ಊಟ. ಒಳನಾಡಿನವರಿಗೆ ಕಾಡೆಮ್ಮೆಯಂಥ ಬೈಸನ್ ಪ್ರಾಣಿಯ ಒಣಗಿಸಿ ಕುಟ್ಟಿದ ಮಾಂಸಕ್ಕೆ ಕೊಬ್ಬು ಬೆರೆಸಿ ಮಾಡಿದ ಪೆಮಿಕನ್ ಆಧಾರವಾಗಿತ್ತು.

ಇಷ್ಟೆಲ್ಲ ಮಾಡಿದ್ದು ಟೋಪಿಗಾಗಿ. ಬೀವರ್ ಚರ್ಮದ ಉದ್ದ ಕೂದಲಿನ ಕೆಳಗೆ ಒಂದು ದಟ್ಟವಾದ ಮೃದು ತುಪ್ಪಳವಿದೆ. ಆ ಎಳೆಗಳಲ್ಲಿ ಸೂಕ್ಷ್ಮವಾದ ಕೊಕ್ಕೆಗಳಿರುವುದರಿಂದ ಒದ್ದೆಮಾಡಿ ಒತ್ತಿದಾಗ ಒಂದಕ್ಕೊಂದು ಹೆಣೆದುಕೊಂಡು, ಮಳೆಗೂ ಆಕಾರ ಕೆಡದ, ಫೆಲ್ಟ್ ಎಂಬ ಗಟ್ಟಿ ಬಟ್ಟೆಯಾಗುತ್ತದೆ. ಯುರೋಪಿನ ಸ್ವಂತ ಬೀವರ್‌ಗಳು ಬೇಟೆಯಿಂದ ಬಹುಮಟ್ಟಿಗೆ ಮುಗಿದುಹೋಗಿದ್ದವು, ಟೋಪಿಯ ಬೇಡಿಕೆ ಮಾತ್ರ ಏರುತ್ತಲೇ ಇತ್ತು. ಒಂದು ವಿಷಯ ನಿಮ್ಮ ಮೊಮ್ಮಗನಿಗೆ ಖಂಡಿತ ಹಿಡಿಸುತ್ತದೆ. ಮೂಲನಿವಾಸಿಗಳು ಚಳಿಗಾಲವೆಲ್ಲ ಮೈಮೇಲೆ ಹೊದ್ದು ಬಳಸಿದ ಹಳೆಯ ಬೀವರ್ ಹೊದಿಕೆಗಳಿಗೆ ಹೊಸ ಚರ್ಮಕ್ಕಿಂತ ಹೆಚ್ಚು ಬೆಲೆಯಿತ್ತು, ಏಕೆಂದರೆ ಮೈಯ ಉಜ್ಜುವಿಕೆಯಿಂದ ಒರಟು ಕೂದಲು ಉದುರಿ, ಬೇಕಾದ ಮೃದು ತುಪ್ಪಳವಷ್ಟೇ ಉಳಿದಿರುತ್ತಿತ್ತು. ಮುಂದೆ ಹತ್ತೊಂಬತ್ತನೇ ಶತಮಾನದ ಮಧ್ಯಭಾಗದ ಹೊತ್ತಿಗೆ ರೇಷ್ಮೆ ಟೋಪಿಯ ಶೋಕಿ ಬಂದು ಈ ಬೇಡಿಕೆ ಕುಸಿಯಿತು.

ಈಗ ಫೋರ್ಟ್ ವಿಲಿಯಂ ವಿಷಯ. ಬ್ರಿಟನ್ ಮತ್ತು ಅಮೆರಿಕದ ನಡುವಿನ 1783ರ ಒಪ್ಪಂದದಂತೆ ಗ್ರ್ಯಾಂಡ್ ಪೋರ್ಟೇಜ್ ಹೊಸ ಅಮೆರಿಕ ದೇಶದೊಳಗೆ ಬಂತು. ಸುಂಕದ ಭಯದಿಂದ ಬ್ರಿಟಿಷ್ ವ್ಯಾಪಾರಿಗಳು 1803ರಲ್ಲಿ ಕೇಂದ್ರವನ್ನು ಉತ್ತರಕ್ಕೆ, ಕಾಮಿನಿಸ್ಟಿಕ್ವಿಯಾ ನದೀಮುಖಕ್ಕೆ ಸ್ಥಳಾಂತರಿಸಿದರು. ಆ ಕೋಟೆಗೆ 1807ರಲ್ಲಿ ಫೋರ್ಟ್ ವಿಲಿಯಂ ಎಂಬ ಹೆಸರಾಯಿತು. 1821ರಲ್ಲಿ ನಾರ್ತ್ ವೆಸ್ಟ್ ಕಂಪನಿಯು 1670ರಲ್ಲೇ ರಾಜಸನ್ನದು ಪಡೆದಿದ್ದ ತನ್ನ ಪ್ರತಿಸ್ಪರ್ಧಿ ಹಡ್ಸನ್ಸ್ ಬೇ ಕಂಪನಿಯಲ್ಲಿ ವಿಲೀನವಾದ ಮೇಲೆ ಅದರ ವೈಭವವೂ ಮುಗಿಯಿತು. ಅದರ ಮೂಲ ಸ್ಥಳದ ಮೇಲೆ ರೈಲ್ವೆ ಅಂಗಳ ಬಂದಿತು. ನೀವು ಇಂದು ನೋಡುವ ಫೋರ್ಟ್ ವಿಲಿಯಂ 1973ರಲ್ಲಿ ತೆರೆದ ಮರುನಿರ್ಮಾಣ, ನದಿಯ ಮೇಲ್ಭಾಗದಲ್ಲಿ ಬೇರೊಂದು ಜಾಗದಲ್ಲಿದೆ. ಅದು ಬಹಳ ದೊಡ್ಡದು, ಮಕ್ಕಳಿಗೆ ಸಂತೋಷ ಕೊಡುತ್ತದೆ. ಗ್ರ್ಯಾಂಡ್ ಪೋರ್ಟೇಜ್‌ನ ಕಟ್ಟಡಗಳೂ ಮರುನಿರ್ಮಾಣವೇ. 1930ರ ದಶಕದಲ್ಲಿ ಒಜಿಬ್ವೆ ಕೆಲಸಗಾರರೇ ಉತ್ಖನನದಲ್ಲಿ ಪಾಲ್ಗೊಂಡು, ಸಿಕ್ಕ ಅಡಿಪಾಯದ ಗುರುತುಗಳ ಆಧಾರದ ಮೇಲೆ ಅವನ್ನು ಎತ್ತಿದರು, ಸಭಾಂಗಣವು 1969ರಲ್ಲಿ ಸಿಡಿಲಿನ ಬೆಂಕಿಗೆ ಬಲಿಯಾಗಿ ಮತ್ತೆ ಕಟ್ಟಲ್ಪಟ್ಟಿತು. ಆದರೆ ನೆಲ ಅದೇ ನೆಲ, ದಾರಿ ಅದೇ ದಾರಿ. ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ ನಾನು ಗ್ರ್ಯಾಂಡ್ ಪೋರ್ಟೇಜ್ ಎನ್ನುತ್ತೇನೆ.

ಒಂದು ಮಾತು ಒತ್ತಿ ಹೇಳಬೇಕು. ಹಾಡುತ್ತಾ ದೋಣಿ ನಡೆಸುವ ಕೆಂಪು ಟೊಪ್ಪಿಗೆಯ ವೊಯಾಜರ್‌ನ ಚಿತ್ರ ಮನಸ್ಸನ್ನು ಬೇಗ ಸೆಳೆಯುತ್ತದೆ, ಅದರ ಹಿಂದಿನ ನೋವನ್ನು ಮರೆಮಾಡುತ್ತದೆ. ವ್ಯಾಪಾರದ ದಾರಿಗಳಲ್ಲೇ ಸಿಡುಬು ಹರಡಿತು. 1780ರ ದಶಕದ ಆರಂಭದ ಸಾಂಕ್ರಾಮಿಕವು ಆ ಒಳನಾಡಿನ ಊರೂರುಗಳನ್ನೇ ಬರಿದು ಮಾಡಿತು. ಮದ್ಯ, ಸಾಲ, ಬೀವರ್‌ಗಳ ನಾಶ ಇವೆಲ್ಲವೂ ಅದೇ ಮೂಟೆಗಳೊಂದಿಗೆ ಬಂದವು. ದೋಣಿಗೆ ಬೇರು ಹೊಲಿದು ಅಂಟು ಬಳಿದವರು, ಹಿಮದ ಮೇಲೆ ನಡೆಯುವ ಪಾದುಕೆಗಳನ್ನು ಹೆಣೆದವರು, ಮನೋಮಿನ್ ಎಂಬ ಕಾಡು ಅಕ್ಕಿಯನ್ನು ಸಂಗ್ರಹಿಸಿ ಚಳಿಗಾಲ ದಾಟಿಸಿದವರು ಬಹುತೇಕ ಒಜಿಬ್ವೆ ಹೆಂಗಸರು. ಕಂಪನಿಯ ಲೆಕ್ಕದ ಪುಸ್ತಕಗಳಲ್ಲಿ ಅವರ ಹೆಸರು ಅಪರೂಪ. ಕೋಟೆಬೇಲಿಯ ಹೊರಗೆ ಒಜಿಬ್ವೆ ವಸತಿಯನ್ನು ತೋರಿಸುವ ತೊಗಟೆಯ ಗುಡಿಸಲುಗಳಿವೆ. ದಯವಿಟ್ಟು ಸಭಾಂಗಣದಲ್ಲಿ ಕಳೆದಷ್ಟೇ ಹೊತ್ತನ್ನು ಅಲ್ಲಿಯೂ ಕಳೆಯಿರಿ.

ಆ ನೆಲ ಇಂದಿಗೂ ಅವರದೇ. 1854ರ ಒಪ್ಪಂದದಿಂದ ರೂಪುಗೊಂಡ ಮೀಸಲು ಪ್ರದೇಶದ ನಡುವೆ ಈ ಸ್ಮಾರಕವಿದೆ, ಸ್ಮಾರಕಕ್ಕೆ ಜಾಗ ಕೊಟ್ಟವರೂ ಅವರೇ, 1999ರಿಂದ ರಾಷ್ಟ್ರೀಯ ಉದ್ಯಾನ ಇಲಾಖೆಯೊಂದಿಗೆ ಸೇರಿ ಅದನ್ನು ನಿರ್ವಹಿಸುತ್ತಿರುವವರೂ ಅವರೇ. ಪೌವೌ ನೋಡುವಾಗ ನಮ್ಮ ದೈವದ ತೆರೆ ನೋಡುವಾಗಿನ ಮರ್ಯಾದೆಯೇ ಇರಲಿ: ನೃತ್ಯದವರು ಪ್ರವೇಶಿಸುವಾಗ ಎದ್ದು ನಿಲ್ಲಿ, ಉಡುಪನ್ನು ಮುಟ್ಟಬೇಡಿ, ಫೋಟೊ ಬೇಡವೆಂದು ಘೋಷಿಸಿದಾಗ ಫೋನನ್ನು ಜೇಬಿಗೆ ಹಾಕಿ. ಹತ್ತಿರದ ಬಂಡೆಯಂಚಿನಲ್ಲಿ ನೂರಾರು ವರ್ಷದ ಒಂದು ಪುಟ್ಟ ಸೀಡರ್ ಮರವಿದೆ. ಒಜಿಬ್ವೆ ಜನರಿಗೆ ಅದು ಪವಿತ್ರ. ಸಮುದಾಯದ ಮಾರ್ಗದರ್ಶಕರಿಲ್ಲದೆ ಅಲ್ಲಿಗೆ ಹೋಗುವಂತಿಲ್ಲ. ದೇವರಕಾಡಿನ ನಾಡಿನವರಾದ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.


ಮರುಪ್ರಶ್ನೆ – ಭಾಗಮಂಡಲದ ಬೆಳೆಗಾರ

ಮೂವರಿಗೂ ಕೃತಜ್ಞತೆಗಳು. ಉಪನ್ಯಾಸಕರು ಬರೆದುದನ್ನು ಪತ್ನಿಗೆ ಓದಿ ಹೇಳಿದೆ. ಗುಡಿಸಲುಗಳ ಬಳಿ ನಾನು ಕುಳಿತಿರುತ್ತೇನೆ, ನೀವು ಅಜ್ಜ ಮೊಮ್ಮಗ ನಡೆದು ಬನ್ನಿ ಎಂದು ಅವರು ಆಗಲೇ ತೀರ್ಮಾನಿಸಿದ್ದಾರೆ. ಎರಡು ಸಂದೇಹ ಉಳಿದಿವೆ. ಬೀವರ್ ಎಂದರೆ ನಮ್ಮ ಕಾವೇರಿಯ ನೀರುನಾಯಿಯೇ ಎಂದು ಮನೆಯಲ್ಲಿ ಚರ್ಚೆಯಾಯಿತು. ಎರಡನೆಯದು, ನಮ್ಮಲ್ಲಿ ಅಮೆರಿಕದ ವೀಸಾ ಮಾತ್ರ ಇದೆ. ಫೋರ್ಟ್ ವಿಲಿಯಂ ನೋಡಲು ಅದು ಸಾಲುತ್ತದೆಯೇ?


ಉತ್ತರ – ಕುಶಾಲನಗರದ ಸದಸ್ಯ

ಸಾಲುವುದಿಲ್ಲ ಸರ್. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಅಮೆರಿಕದ ವೀಸಾ ಇದ್ದರೂ ಕೆನಡಾದ ಸಂದರ್ಶಕ ವೀಸಾ ಬೇರೆಯಾಗಿ ಬೇಕು. ಅದಕ್ಕೆ ಬೆರಳಚ್ಚು ಮತ್ತು ಭಾವಚಿತ್ರ ಕೊಡಬೇಕಾಗುತ್ತದೆ, ಬೆಂಗಳೂರಿನಲ್ಲಿ ಅದರ ಕೇಂದ್ರವಿದೆ. ಗಡಿಯಿಂದ ಥಂಡರ್ ಬೇ ಕೇವಲ 65 ಕಿ.ಮೀ. ಎಂದು ನಂಬಿ ಗಡಿಯವರೆಗೆ ಹೋಗಿ ಮರಳಿದ ಕುಟುಂಬವೊಂದನ್ನು ನಾನು ಬಲ್ಲೆ, ಆ ದಿನದ ಕೋಣೆಯ ಬಾಡಿಗೆಯೂ ವ್ಯರ್ಥವಾಯಿತು. ಪಿಜನ್ ನದಿಯ ಜಲಪಾತವನ್ನು ಮಾತ್ರ ಈಚೆ ದಡದಿಂದಲೇ ನೋಡಬಹುದು. ಆಚೆ ಕಾಣುವುದೇ ಕೆನಡಾ. ಈಗ ಅರ್ಜಿ ಹಾಕಿ ವೀಸಾಕ್ಕಾಗಿ ಕಾಯುವುದಕ್ಕಿಂತ ಗ್ರ್ಯಾಂಡ್ ಪೋರ್ಟೇಜ್‌ನಲ್ಲಿ ಒಂದು ದಿನ ಹೆಚ್ಚು ಇರುವುದು ಮೇಲು.


ಉತ್ತರ – ಮಡಿಕೇರಿಯ ಇತಿಹಾಸ ಉಪನ್ಯಾಸಕ

ಬೀವರ್ ನಮ್ಮ ನೀರುನಾಯಿಯಲ್ಲ. ನೀರುನಾಯಿ ಮೀನು ಹಿಡಿದು ತಿನ್ನುವ ಮಾಂಸಾಹಾರಿ. ಬೀವರ್ ನಮ್ಮ ಅಳಿಲು, ಮುಳ್ಳುಹಂದಿಗಳಂತೆ ಬಾಚಿಹಲ್ಲುಗಳಿಂದ ಕೊರೆದು ತಿನ್ನುವ ಜಾತಿಗೆ ಸೇರಿದ್ದು, ಮರದ ತೊಗಟೆ ಮತ್ತು ಚಿಗುರು ಅದರ ಆಹಾರ. ಚಪ್ಪಟೆಯಾದ ಅಗಲ ಬಾಲ ಅದರ ಗುರುತು. ಮರಗಳನ್ನು ಕಡಿದು ಒಡ್ಡು ಕಟ್ಟಿ ಹೊಂಡ ಮಾಡಿಕೊಂಡು, ಆ ನೀರಿನ ನಡುವೆ ಮನೆ ಕಟ್ಟುವುದರಿಂದ ಅದು ಎಲ್ಲಿದೆಯೆಂದು ಬೇಟೆಗಾರರಿಗೆ ಸುಲಭವಾಗಿ ತಿಳಿಯುತ್ತಿತ್ತು. ಚಳಿಗಾಲದಲ್ಲಿ ತುಪ್ಪಳ ದಟ್ಟವಾಗಿರುವುದರಿಂದ ಬೇಟೆಯೂ ಆಗಲೇ. ವ್ಯಾಪಾರಿಗಳು ನೀರುನಾಯಿಯ ಜಾತಿಯ ಚರ್ಮವನ್ನೂ ಕೊಳ್ಳುತ್ತಿದ್ದರು, ಆದ್ದರಿಂದ ನಿಮ್ಮ ಮನೆಯ ಚರ್ಚೆ ಸಂಪೂರ್ಣ ಆಧಾರವಿಲ್ಲದ್ದೇನಲ್ಲ. ಆದರೂ ವಿನಿಮಯದ ಅಳತೆಗೋಲು ಬೀವರ್. ಹಡ್ಸನ್ಸ್ ಬೇ ಕಂಪನಿಯ ಅಂಗಡಿಗಳಲ್ಲಿ ಕಂಬಳಿ, ಪಾತ್ರೆ, ಕೋವಿ ಎಲ್ಲಕ್ಕೂ ಇಷ್ಟು ಬೀವರ್ ಎಂದೇ ಬೆಲೆ ಕಟ್ಟುತ್ತಿದ್ದರು.


ಉತ್ತರ – ವಿರಾಜಪೇಟೆಯ ಓದುಗಿ

ಅಣ್ಣ, ಮೊಮ್ಮಗನಿಗೆ ಇನ್ನೊಂದು ನಡಿಗೆ ಇದೆ, ಹಿಂದೆ ಬರೆಯಲು ಮರೆತೆ. ಪಾರಂಪರಿಕ ಕೇಂದ್ರದ ಬಳಿಯಿಂದ ಮೌಂಟ್ ರೋಸ್ ಎಂಬ ಗುಡ್ಡಕ್ಕೆ ಚಿಕ್ಕ ಏರುದಾರಿ ಹೋಗುತ್ತದೆ. ಮೇಲಿನಿಂದ ಕೊಲ್ಲಿ, ಕೋಟೆ, ಸರೋವರ ಎಲ್ಲವೂ ಒಂದೇ ನೋಟಕ್ಕೆ ಕಾಣುತ್ತವೆ. ಮಂಜು ಇಲ್ಲದ ಗಂಟೆಯನ್ನು ನೋಡಿ ಅವನನ್ನು ಅವನ ಅಮ್ಮನ ಜೊತೆ ಕಳುಹಿಸಿ. ಅಕ್ಕನಿಗೆ ಕಾಡು ಅಕ್ಕಿಯ ಸೂಪು ಸಿಕ್ಕರೆ ಕೊಡಿಸಿ. ಉದ್ದನೆಯ ಕಪ್ಪು ಕಾಳು, ನಮ್ಮ ಅಕ್ಕಿಗಿಂತ ಗಡುಸು, ಸ್ವಲ್ಪ ಹೊಗೆಯ ವಾಸನೆ. ನಾನು ಒಂದು ಚೀಲ ತಂದು ಕಕ್ಕಡ ತಿಂಗಳ ಮಳೆಯಲ್ಲಿ ಮನೆಯವರಿಗೆ ಗಂಜಿ ಮಾಡಿ ಬಡಿಸಿದ್ದೆ, ಎಲ್ಲರೂ ಎರಡನೇ ಸಲ ಕೇಳಿದರು.


ಉತ್ತರ – ಭಾಗಮಂಡಲದ ಬೆಳೆಗಾರ

ಫೋರ್ಟ್ ವಿಲಿಯಂ ಈ ಸಲ ಬೇಡವೆಂದು ನಿರ್ಧರಿಸಿದ್ದೇವೆ. ಮಗಳು ಆಗಸ್ಟ್ ಎರಡನೇ ವಾರಾಂತ್ಯಕ್ಕೆ ಗ್ರ್ಯಾಂಡ್ ಮರೇಯಲ್ಲಿ ಮೂರು ರಾತ್ರಿಗೆ ಕೋಣೆ ಹುಡುಕಿ ಕಾಯ್ದಿರಿಸಿದಳು. ಉಳಿದಿದ್ದುದು ಅದೊಂದೇ ಕೋಣೆಯಂತೆ. ಮೊದಲ ದಿನ ಉತ್ಸವ ಮತ್ತು ಗುಡಿಸಲುಗಳು, ಎರಡನೆಯ ದಿನ ಬೆಳಿಗ್ಗೆ ಜನಸಂದಣಿ ಸೇರುವ ಮೊದಲು ಹೊರೆದಾರಿ, ಮಧ್ಯಾಹ್ನ ಜಲಪಾತ.

ಗೋಣಿಕೊಪ್ಪದವರು ತೂಕದ ಬಗ್ಗೆ ಬರೆದುದನ್ನು ಓದಿದ ಮೇಲೆ ನಿನ್ನೆ ಕಣದಲ್ಲಿ ಒಂದು ಚೀಲಕ್ಕೆ ಸರಿಯಾಗಿ 41 ಕೆ.ಜಿ. ಕಾಫಿ ತುಂಬಿಸಿ ತೂಗಿದೆ. ನಮ್ಮ ತೋಟದಲ್ಲಿ ನಲವತ್ತು ವರ್ಷದಿಂದ ಕೆಲಸ ಮಾಡುತ್ತಿರುವ ಹಿರಿಯರೊಬ್ಬರು ಅದಕ್ಕೆ ಹಳೆಯ ಸೀರೆಯ ಪಟ್ಟಿ ಕಟ್ಟಿ ನನ್ನ ಹಣೆಗೆ ಸರಿಹೊಂದಿಸಿಕೊಟ್ಟರು. ಕಣದಿಂದ ಗೇಟಿನವರೆಗೆ ಇನ್ನೂರು ಹೆಜ್ಜೆ ನಡೆದೆ. ಎರಡನೆಯ ಚೀಲವನ್ನು ಅದರ ಮೇಲೆ ಇಡಲು ಅವರು ಒಪ್ಪಲಿಲ್ಲ. ಮೊಮ್ಮಗ ಇದನ್ನೆಲ್ಲ ಫೋನಿನಲ್ಲಿ ನೋಡುತ್ತಿದ್ದ. ಕೋಟೆಯಲ್ಲಿ ಅವರ ಹಣೆಪಟ್ಟಿ ಎಷ್ಟು ಅಗಲವಿದೆಯೆಂದು ಅಳೆದು ನೋಡಲು ಅಳತೆಪಟ್ಟಿ ತರುತ್ತೇನೆ ಎಂದು ಹೇಳಿದ್ದಾನೆ.